ಮೂರು ತುಂಡಿನ ಮದುವೆ

ಕುಳಿತಲ್ಲಿ ಕುಳಿತಿರುವ ವಿದ್ಯೆ ನನಗೆ ಹುಟ್ಟಿನಿಂದಲೇ ದಕ್ಕಲಿಲ್ಲ. ಒಲೆಯ ಮೇಲೆ ಹಾಲಿಟ್ಟರೆ ನಾಲ್ಕು ಸಲ ಪಾತ್ರೆಯೊಳಗೆ ಇಣುಕುತ್ತೇನೆ. ಐದನೆಯ ಸಲಕ್ಕೆ ಬೇಸರ ಬಂದು ಅಂಗಳಕ್ಕೆ ಹೋಗುತ್ತೇನೆ, ಹಾಲು ಸರಿಯಾಗಿ ಆಗಲೇ ಉಕ್ಕುತ್ತದೆ. ರಾಣೆಬೆನ್ನೂರಿನಿಂದ ಹಾವೇರಿಯ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ನಾನು, ನಿಲ್ದಾಣ ಬರುವ ಹತ್ತು ನಿಮಿಷ ಮೊದಲೇ ಎದ್ದು ಬಾಗಿಲ ಬಳಿ ನಿಲ್ಲುವವನು. "ಕುಂದರ್ರಿ ಸಾಹೇಬ್ರ, ಬಸ್ಸಿಗಿಂತ ಮೊದಲ ನೀವೇನು ಮುಟ್ಟೂದಿಲ್ಲ" ಎಂದು ಕಂಡಕ್ಟರ್ ಎಷ್ಟೋ ಸಲ ಹೇಳಿದ್ದಾನೆ. ಇಂಥವನು ಮದುವೆಯ ವಿಡಿಯೋ ಕೂಡಿಸಲು ಕಂಪ್ಯೂಟರಿನ ಮುಂದೆ ಕೂರಲೇಬಾರದಿತ್ತು. ಕೂತೆ.

ಮದುವೆ ನನ್ನ ಹೆಂಡತಿ ಗಿರಿಜಾಳ ತಂಗಿ ಸವಿತಾಳದು, ಬ್ಯಾಡಗಿಯಲ್ಲಿ. ಮೆಣಸಿನಕಾಯಿ ಆವಕವಾಗುವ ದಿನಗಳಲ್ಲಿ ಇಟ್ಟುಕೊಂಡ ಮದುವೆಯಾದ್ದರಿಂದ ಅಕ್ಷತೆಯ ಹೊತ್ತಿಗೆ ಅರ್ಧ ಮಂದಿ ಸೀನುತ್ತಿದ್ದರು, ಉಳಿದರ್ಧ ಕಣ್ಣೊರೆಸಿಕೊಳ್ಳುತ್ತಿದ್ದರು. ವಿಡಿಯೋ ನೋಡಿದವರಿಗೆ ಮಾತ್ರ ಎಂಥ ಕರುಳಿನ ಮಂದಿ ಇವರು ಅನ್ನಿಸಬೇಕು. ಈ ಮದುವೆ ಗೊತ್ತಾದ ದಿನ ಹೋಳಿಗೆ ಉಂಡ ಖುಷಿಯಲ್ಲಿ ನಾನು ಎಲ್ಲರೆದುರು, "ಸವಿತಾಗ ನನ್ನ ಕಡಿಂದ ಬಂಗಾರದ ಉಂಗುರ" ಎಂದುಬಿಟ್ಟಿದ್ದೆ. ಹೋಳಿಗೆ ಕರಗಿದ ಮೇಲೆ ಮನಸ್ಸು ಹಿಂದೇಟು ಹಾಕಿತು. ಮದುವೆಯ ದಿನ ಗೋಡೆ ಗಡಿಯಾರವೊಂದನ್ನು ಕೊಟ್ಟು ಬಂದೆ. ಗಿರಿಜಾ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳು ಬೈದರೆ ಹೇಗೋ ತಡೆದುಕೊಳ್ಳುತ್ತೇನೆ, ಸುಮ್ಮನಿದ್ದರೆ ನನಗೆ ಜೀವವೇ ನಿಲ್ಲುವುದಿಲ್ಲ. ಹೋದ ಮಾನವನ್ನು ಡಿವಿಡಿಯಲ್ಲಾದರೂ ಮರಳಿ ಗಳಿಸೋಣವೆಂದು, "ಮದುವಿ ವಿಡಿಯೋ ನಾ ಮಾಡಿಕೊಡತೇನಿ" ಎಂದು ಮುಂದೆ ಬಿದ್ದೆ.

ವಿಡಿಯೋದವನು ಟೇಪಿನಿಂದ ಇಳಿಸಿಕೊಟ್ಟದ್ದು ಮೂರು ತುಂಡು. ಅವನೇ ಕೂಡಿಸಿಕೊಡುತ್ತಿದ್ದ, ಆದರೆ ಅವನ ಕೈಗೆ ಕೊಟ್ಟರೆ ಮದುಮಗಳ ತಲೆಯ ಸುತ್ತ ಕಮಲ ತಿರುಗಿಸುತ್ತಾನೆ, ಮದುಮಗನನ್ನು ಹೃದಯದ ಆಕಾರದೊಳಗೆ ತುರುಕುತ್ತಾನೆ. ಅದೂ ಅಲ್ಲದೆ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಒತ್ತಿ ಕಟ್ಟುವುದರಿಂದ ಮುಖಗಳು ಮಸುಕಾಗುತ್ತವೆ. ಇದನ್ನು ಗಿರಿಜಾಳಿಗೆ ಅರ್ಧ ತಾಸು ವಿವರಿಸಿದೆ. ಅವಳು ಒಂದೇ ಮಾತಿನಲ್ಲಿ ಮುಗಿಸಿದಳು: "ಸುಟ್ಟ ರೊಟ್ಟಿ ಮುರದು ಹಿಟ್ಟು ಮಾಡಿ ಮತ್ತ ಬಡದರ ಮೊದಲಿನ ರೊಟ್ಟಿ ಆಕ್ಕೈತೇನು? ಇಷ್ಟ ಹೌದಲ್ರೀ?" ಅಷ್ಟೇ ಹೌದು. ಹಾಗಾಗಿ ನಾನು ಹಿಡಿದದ್ದು ಇನ್ನೊಂದು ದಾರಿ: ಚಿತ್ರ ಬೇರೆ, ಧ್ವನಿ ಬೇರೆ ಮಾಡಿಕೊಂಡು, ಇದ್ದದ್ದನ್ನು ಇದ್ದಂತೆಯೇ ಒಂದರ ಬಾಲಕ್ಕೆ ಇನ್ನೊಂದರ ತಲೆ ಹಚ್ಚುವುದು. ಒಂದಿಷ್ಟೂ ಕೆಡುವುದಿಲ್ಲ.

ಭಾನುವಾರ ಬೆಳಿಗ್ಗೆ ಶುರು ಮಾಡಿದೆ. ಪರದೆಯ ಮೇಲಿನ ನೀಲಿ ಪಟ್ಟಿ ಮುಂದೆ ಸರಿಯಲೊಲ್ಲದು. ಎದ್ದೆ, ಕೂತೆ, ನೀರು ಕುಡಿದೆ, ಮತ್ತೆ ಬಂದು ನೋಡಿದರೆ ಅಲ್ಲೇ ಇದೆ. ಎರಡು ಸಲ ಕರೆಂಟು ಹೋಗಿ ಮೊದಲಿನಿಂದ ಹಚ್ಚಬೇಕಾಯಿತು. ಅಂತೂ ಮುಗಿದಾಗ, ಬೆಸುಗೆ ಬಿದ್ದ ಜಾಗಗಳನ್ನು ಮಾತ್ರ ಪರದೆಗೆ ಮೂಗು ಹಚ್ಚಿ ಪರೀಕ್ಷಿಸಿದೆ. ಬಾಸಿಂಗದ ಮುತ್ತುಗಳನ್ನು ಎಣಿಸಬಹುದಿತ್ತು! ಧ್ವನಿ ಕೇಳಲಿಲ್ಲ. ವಾಲಗದ ಸದ್ದಿಗೆ ತಲೆ ಸಿಡಿಯುತ್ತದೆಂದು ಗಿರಿಜಾ ಸ್ಪೀಕರ್ ಬಂದ್ ಮಾಡಿಸಿದ್ದಳು. ಪೂರ್ತಿ ನೋಡುವ ತಾಳ್ಮೆಯಂತೂ ನನ್ನ ವಂಶದಲ್ಲೇ ಇಲ್ಲ.

ಮುಂದಿನ ಭಾನುವಾರ ಬ್ಯಾಡಗಿಯಲ್ಲಿ ಶಿವಪ್ಪ ಮಾವನ ಮನೆಯಲ್ಲಿ ಎಲ್ಲರೂ ಸೇರಿದೆವು. ಮಾವ ಎಂದರೆ ನನ್ನ ಅತ್ತೆಯ ತಮ್ಮ, ಸವಿತಾಳ ಸೋದರಮಾವ, ಮೆಣಸಿನಕಾಯಿ ವ್ಯಾಪಾರಿ. ಅವರ ಸಿಟ್ಟಿಗೂ ಸರಕಿಗೂ ಖಾರ ಒಂದೇ. ಮೊದಲೆರಡು ತುಂಡು ನೋಡಿ, "ಏನ್ ಕ್ಲಿಯರ್ ಐತಿ ಅಳಿಯಾರ!" ಎಂದು ಬೆನ್ನು ತಟ್ಟಿದರು. ನಾನು ಉಬ್ಬಿದೆ. ಆಮೇಲೆ ಮೂರನೆಯ ತುಂಡು, ಆಯಾರದ್ದು ಬಂತು.

ನಮ್ಮ ಕಡೆ ಆಯಾರ ಅಂದರೆ ಗುಟ್ಟಿನಲ್ಲಿ ಕೊಡುವ ಉಡುಗೊರೆಯಲ್ಲ. ಕೊಡುವವರು ವೇದಿಕೆ ಹತ್ತುವಾಗ ಮೈಕಿನಲ್ಲಿ ಹೆಸರು ಕೂಗುತ್ತಾರೆ. ಅವರು ಮದುಮಕ್ಕಳ ಕೈಗಿಟ್ಟ ಮೇಲೆ ಕೊಟ್ಟದ್ದೇನು ಎಂಬುದನ್ನು ಕೂಗುತ್ತಾರೆ. ಪರದೆಯ ಮೇಲೆ ಮೊದಲಿಗೆ ಹಲಗೇರಿಯ ಬಸವ್ವ ಕೊಡ ಕೊಟ್ಟು ಇಳಿದಳು, ಕೇಳಿದ್ದು ಬರೀ ವಾಲಗ. ಶಿವಪ್ಪ ಮಾವ ಹತ್ತಿ, ಸವಿತಾಳ ಬೆರಳಿಗೆ ಉಂಗುರ ತೊಡಿಸಿ, ಕ್ಯಾಮೆರಾದ ಕಡೆ ಎದೆ ಸೆಟೆದು ನಿಂತರು. ಮೈಕು ಕೂಗಿತು: "ಸ್ಟೀಲ್ ಕೊಡ, ಮುಚ್ಚಳ ಸಮೇತ!"

ಪರದೆಯ ಮೇಲೆ ಮಾವ ಇಳಿದರು, ನಾನು ಹತ್ತಿದೆ, ಹಲ್ಲು ಕಿರಿಯುತ್ತ ಗೋಡೆ ಗಡಿಯಾರ ಕೊಟ್ಟೆ. ಮೈಕು ಕೂಗಿತು: "ಬಂಗಾರದ ಉಂಗುರ!"

"ಅಂತೂ ಉಂಗುರ ಬಂತು ನೋಡವಾ" ಎಂದರು ಅತ್ತೆ, ಯಾರನ್ನೂ ನೋಡದೆ.

ಮಾವ ಎದ್ದು ನಿಂತರು. "ಅಳಿಯಾರ, ಅಂಗಡಿ ಬಂದ್ ಮಾಡಿ ಹಾವೇರಿಗೆ ನಾಕ್ ಸಲ ಅಡ್ಡ್ಯಾಡಿ ಮಾಡಿಸಿದ ಉಂಗುರರೀ ಅದು! ಅದನ್ನ ಕೊಡ ಮಾಡಿ, ಮ್ಯಾಲ ಮುಚ್ಚಳಾನೂ ಹಾಕಿದ್ರಿ? ಬೇಕಂತ ಮಾಡೀರೋ ಹ್ಯಾಂಗ?"

"ಇಲ್ಲರೀ ಮಾವಾರ, ಖರೇನ ಇಲ್ಲ. ಧ್ವನಿ ಒಂದೀಟು ಹಿಂದ ಬಿದ್ದೈತಿ. ಚಿತ್ರ ನೋಡ್ರಿ, ಕ್ವಾಲಿಟಿ ಒಂಚೂರೂ ಹೋಗಿಲ್ಲ."

"ಕ್ವಾಲಿಟಿ ಹೋಗಿಲ್ಲರೀ. ಮರ್ಯಾದಿ ಹೋಗೈತಿ."

ಉಂಗುರದ ಮಾತು ಕೊಟ್ಟು ಗಡಿಯಾರ ಕೊಟ್ಟವನು ನಾನು. ಈಗ ಇನ್ನೊಬ್ಬರ ಉಂಗುರವನ್ನೂ ಹೊಡೆದುಕೊಂಡವನಾಗಿದ್ದೆ.

ಮನೆಗೆ ಬಂದವನೇ ಚಪ್ಪಲಿ ಬಿಡುವುದಕ್ಕೂ ಮೊದಲು ಕಂಪ್ಯೂಟರ್ ಹಚ್ಚಿದೆ. ತಪ್ಪು ಸಿಕ್ಕಿತು. ಎರಡನೆಯ ತುಂಡಿನಲ್ಲಿ ಚಿತ್ರಕ್ಕಿಂತ ಧ್ವನಿ ಹದಿನೈದು ಸೆಕೆಂಡು ಉದ್ದವಿತ್ತು. ಚಿತ್ರ ಮೂರನೆಯ ತುಂಡಿಗೆ ದಾಟಿದರೂ ಧ್ವನಿ ಇನ್ನೂ ಎರಡನೆಯದರಲ್ಲೇ ಇರುತ್ತಿತ್ತು. ಅಲ್ಲಿಂದ ಮುಂದೆ ಒಬ್ಬರ ಆಯಾರ ಇನ್ನೊಬ್ಬರ ಪಾಲು. ಹದಿನೈದು ಸೆಕೆಂಡು ಕತ್ತರಿಸಿದರೆ ಮುಗಿಯಿತು.

"ಸಿಕ್ತು!" ಎಂದು ಕೂಗಿದೆ. "ಈ ಧ್ವನಿ ಸರಿ ಮಾಡಿದೆ ಅಂದರ ಮಾವನ ಉಂಗುರ ಮಾವಗ, ಬಸವ್ವನ ಕೊಡ ಬಸವ್ವಗ."

"ಗಡಿಯಾರ?" ಎಂದಳು ಗಿರಿಜಾ.

ನಾನು ಬಗ್ಗಿ ಚಪ್ಪಲಿ ಬಿಚ್ಚತೊಡಗಿದೆ.

"ಮಾವಗ ಒಂದು ಸರಿ ಮಾಡಿ ಕೊಟ್ಟುಬಿಡ್ರಿ. ನಮ್ಮನಿದು ಹಂಗ ಇರಲಿ."

"ಹಂಗ ಇಟ್ಟರ ನಾ ಗಡಿಯಾರ ಕೊಡೂ ಮುಂದ ಉಂಗುರ ಅಂತೈತಲ್ಲ, ಅದು ತಪ್ಪಲ್ಲೇನ?"

"ತಪ್ಪ ಐತಿ. ಅದಕ್ಕ ಧ್ವನಿ ಮುಟ್ಟಬ್ಯಾಡ್ರಿ, ಚಿತ್ರ ಸರಿ ಮಾಡ್ರಿ. ಉಂಗುರ ತರ್ರಿ."

ಮರುದಿನ ಹಾವೇರಿಯ ಅಕ್ಕಸಾಲಿಗನ ಅಂಗಡಿಯಲ್ಲಿ ಎರಡು ತಾಸು ಕುಳಿತಿದ್ದೆ. ನೀರಿಗೂ ಏಳಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಇಷ್ಟು ತಾಳ್ಮೆಯ ಗಿರಾಕಿಯನ್ನು ತಾನು ಕಂಡೇ ಇಲ್ಲ ಎಂದು ಅಕ್ಕಸಾಲಿಗ ಹೊಗಳಿದ. ಬಾಗಿಲಿಗೆ ಅಡ್ಡವಾಗಿ ಸ್ಟೂಲು ಹಾಕಿಕೊಂಡು ಕೂತಿದ್ದ ಗಿರಿಜಾಳನ್ನು ಅವನು ಗಮನಿಸಿರಲಿಲ್ಲ.