ತಪಾಸಣಾ ಕಚೇರಿಯ ಗ್ರೂಪ್ ಫೋಟೋ

ನಾನು ಮೊದಲ ಸಲ ಮನೆ ಬಿಟ್ಟದ್ದು ಒಂದು ಗುರುವಾರ. ಅಂದು ಶಾಲೆಯಲ್ಲಿ ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುತ್ತಿದ್ದರು. ನನ್ನ ಜಾಗ ಹುಡುಕುತ್ತಾ ಹುಡುಕುತ್ತಾ ನಾನು ಗೇಟಿನವರೆಗೂ ಹೋದೆ, ಗೇಟು ತೆರೆದಿತ್ತು. ವರದಿ ಬರೆಯುವವನು ತನ್ನ ವಿದ್ಯಾರ್ಹತೆಯನ್ನು ಆರಂಭದಲ್ಲೇ ನಮೂದಿಸತಕ್ಕದ್ದು ಎಂಬ ನಿಯಮವಿರುವುದರಿಂದ ಇಷ್ಟು ಹೇಳಿದ್ದೇನೆ.

ಆಮೇಲೆ ಹಲವು ಊರು ಸುತ್ತಿ, ಹಲವು ಕೆಲಸ ಬಿಟ್ಟು, ಕಳೆದ ವರ್ಷ ಅಕ್ಕನ ಮನೆಗೆ ಬಂದಿಳಿದೆ. ಎಷ್ಟು ದಿನ ಇರುತ್ತೀಯ ಎಂದು ಅಕ್ಕ ಕೇಳಲಿಲ್ಲ. ಚೀಲ ಎತ್ತಿ ಅದರ ಭಾರ ನೋಡಿ, "ಈ ಸಲ ಟವೆಲ್ ತಂದಿದ್ದೀಯ. ಹಾಗಾದ್ರೆ ಸ್ವಲ್ಪ ದಿನ ಇರ್ತೀಯ," ಎಂದಳು.

ಅಕ್ಕನದು ಕಟ್ಟಡ ತಪಾಸಣಾ ಕಚೇರಿಯಲ್ಲಿ ತಾತ್ಕಾಲಿಕ ನೌಕರಿ. ಊರಿನ ಅಂಗಡಿ, ಆಸ್ಪತ್ರೆ, ಮಹಡಿ ಮನೆಗಳ ಗೋಡೆ ನೋಡಿ, ಎಲ್ಲೆಲ್ಲಿ ಬಿರುಕು ಬಿಟ್ಟಿದೆ ಎಂದು ಬರೆಯುವುದು ಅವಳ ಕೆಲಸ. ಸುಣ್ಣ ಬಳಿದು ಮುಚ್ಚಿದ ಬಿರುಕನ್ನೂ ಬೀದಿಯ ಆಚೆ ನಿಂತೇ ಹಿಡಿಯುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಅವಳ ಅತ್ತೆಯ ಔಷಧಿ, ಮಗಳ ಶಾಲೆ ಎಲ್ಲವೂ ಆ ಕೆಲಸವನ್ನೇ ನೆಚ್ಚಿಕೊಂಡಿದ್ದವು. ಅವಳ ಕೆಲಸ ಇನ್ನೇನು ಖಾಯಂ ಆಗುತ್ತದೆ ಎಂಬ ಸುದ್ದಿ ಬಹಳ ವರ್ಷಗಳಿಂದ ಬಿಸಿಯಾಗಿಯೇ ಇತ್ತು.

ನನಗೆ ಅದೇ ಬೀದಿಯ ಫೋಟೋ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಬೆಳಕು ಬೀಳುವ ಬಿಳಿ ಕೊಡೆಯನ್ನು ಹಿಡಿದುಕೊಂಡು ಅಲ್ಲಾಡದೆ ನಿಲ್ಲುವುದು. ನನ್ನಂಥವನಿಗೆ ಅದು ಕಷ್ಟದ ಕೆಲಸವೇ.

ಕಚೇರಿಯ ವಾರ್ಷಿಕೋತ್ಸವಕ್ಕೆ ಗ್ರೂಪ್ ಫೋಟೋ ತೆಗೆಯಬೇಕೆಂದು ಆದೇಶವಾಯಿತು. ಒಂದೇ ಫೋಟೋಕ್ಕೆ ಮಂಜೂರಾತಿ ಇದ್ದುದರಿಂದ ಸ್ಟುಡಿಯೋದವರು ಒಂದೇ ಸಲ ಗುಂಡಿ ಒತ್ತಿದರು. ಫೋಟೋ ಸೊಗಸಾಗಿ ಬಂತು. ಅಕ್ಕನಂತೂ ನೇರವಾಗಿ, ಅಗಲವಾಗಿ ಕಣ್ಣು ಬಿಟ್ಟು, ಯಾವುದೋ ಗೋಡೆಯನ್ನು ಪರೀಕ್ಷಿಸುವವಳಂತೆ ನೋಡುತ್ತಿದ್ದಳು. ತನ್ನ ಖರ್ಚಿನಲ್ಲೇ ಒಂದು ಪ್ರತಿ ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು. ಎಲ್ಲರ ಕಣ್ಣೂ ತೆರೆದಿದ್ದವು, ಮಧ್ಯದ ಕುರ್ಚಿಯಲ್ಲಿ ಕೂತಿದ್ದ ಮುಖ್ಯಾಧಿಕಾರಿಗಳದ್ದು ಬಿಟ್ಟು. ಗುಂಡಿ ಒತ್ತುವಾಗ ಅವರು ರೆಪ್ಪೆ ಬಡಿದಿದ್ದರು.

ಮುಖ್ಯಾಧಿಕಾರಿಗಳು ಸಾಧು ಮನುಷ್ಯ. ಫೋಟೋ ನೋಡಿ, "ಎಲ್ಲರೂ ಚೆನ್ನಾಗಿ ಬಂದಿದ್ದೀರಿ," ಎಂದಷ್ಟೇ ಹೇಳಿ ಬೇರೆ ಕಡತ ಎತ್ತಿಕೊಂಡರು. ಮುಂದೆ ನಡೆದ ಯಾವುದನ್ನೂ ಅವರು ಕೇಳಲಿಲ್ಲ, ಹೇಳಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಹೆಡ್ ಗುಮಾಸ್ತರು ಆ ಮಾತನ್ನು ಇಡೀ ದಿನ ಮನಸ್ಸಿನಲ್ಲೇ ಅಗಿದು, ಮರುದಿನ ಸುತ್ತೋಲೆ ಹೊರಡಿಸಿದರು:

"ಮಾನ್ಯ ಮುಖ್ಯಾಧಿಕಾರಿಗಳು ಕಣ್ಣು ಮುಚ್ಚಿದ್ದ ಸಮಯದಲ್ಲಿ ಸಿಬ್ಬಂದಿ ವರ್ಗದವರು ಕಣ್ಣು ತೆರೆದುಕೊಂಡಿದ್ದುದು ಫೋಟೋದಿಂದ ಸಾಬೀತಾಗಿರುತ್ತದೆ. ಸದರಿ ಸಮಯದಲ್ಲಿ ಏನನ್ನು ನೋಡಲಾಯಿತು, ಯಾರ ಅನುಮತಿಯ ಮೇರೆಗೆ ನೋಡಲಾಯಿತು ಎಂಬುದಕ್ಕೆ ಸಮಜಾಯಿಷಿ ನೀಡತಕ್ಕದ್ದು."

ಒಬ್ಬರು ಕಣ್ಣಿಗೆ ಧೂಳು ಬಿದ್ದಿತ್ತು ಎಂದು ಬರೆದರು. ಲೆಕ್ಕ ವಿಭಾಗದವರು ತಮ್ಮ ರೆಪ್ಪೆ ಹುಟ್ಟಿನಿಂದಲೇ ಗಿಡ್ಡ ಎಂದು ಡಾಕ್ಟರಿಂದ ಸರ್ಟಿಫಿಕೇಟು ತಂದರು. ಟಪಾಲು ನೋಡುವವರು, ಕಣ್ಣು ತೆರೆದಿದ್ದುದು ನಿಜ, ಆದರೆ ತಾವು ಏನನ್ನೂ ನೋಡುತ್ತಿರಲಿಲ್ಲ, ಸೇವೆಗೆ ಸೇರಿದಂದಿನಿಂದ ನೋಡಿಯೂ ಇಲ್ಲ ಎಂದು ಬರೆದರು. ಅದನ್ನು ಮಾದರಿ ಉತ್ತರವೆಂದು ನೋಟಿಸ್ ಬೋರ್ಡಿಗೆ ಅಂಟಿಸಲಾಯಿತು. ಅಕ್ಕ, ಫೋಟೋ ತೆಗೆಯುವಾಗ ಕಣ್ಣು ಬಿಟ್ಟಿರಬೇಕೆಂದು ತಿಳಿದಿದ್ದೆ ಎಂದು ಬರೆದಳು. ತಿಳಿದಿರುವುದನ್ನು ಕಾರಣವೆಂದು ಒಪ್ಪಲಾಗದು ಎಂಬ ಷರಾ ಹೊತ್ತು ಅದು ವಾಪಸು ಬಂತು.

ಎರಡನೇ ಫೋಟೋಕ್ಕೆ ಮಂಜೂರಾತಿ ಸಿಕ್ಕಿತು. ಊಟದ ನಂತರ ಮೊಗಸಾಲೆಯಲ್ಲಿ ಕಣ್ಣು ಮುಚ್ಚುವ ಅಭ್ಯಾಸ ನಡೆಯಿತು; ಹೆಚ್ಚಿನವರಿಗೆ ಆ ಹೊತ್ತಿನಲ್ಲಿ ಅಭ್ಯಾಸ ಮೊದಲೇ ಇತ್ತು. ಮುಖ್ಯಾಧಿಕಾರಿಗಳು ಎಲ್ಲಾದರೂ ಈ ಸಲ ಕಣ್ಣು ತೆರೆದುಬಿಟ್ಟಾರು ಎಂಬ ಭಯದಿಂದ ಅವರನ್ನು ಕರೆಯಲೇ ಇಲ್ಲ. ಮೊದಲ ಫೋಟೋದಿಂದ ಅವರ ಮುಖ ಕತ್ತರಿಸಿ ಖಾಲಿ ಕುರ್ಚಿಯ ಮೇಲೆ ಅಂಟಿಸಲಾಯಿತು. ಸ್ಟುಡಿಯೋದವರು ಒಂದು, ಎರಡು ಎಂದರು, ಎಲ್ಲರೂ ಕಣ್ಣು ಮುಚ್ಚಿದರು. ಅಕ್ಕ ಮುಚ್ಚಲಿಲ್ಲ. ಕೊಡೆ ಹಿಡಿದ ನನ್ನನ್ನು ನೋಡುತ್ತಾ ನಿಂತಳು.

ಯಾರೂ ಅವಳನ್ನು ಬೈಯಲಿಲ್ಲ. ಊಟದ ಹೊತ್ತಿನಲ್ಲಿ ಡಬ್ಬಿಗಳು ಒಂದೊಂದಾಗಿ ಆಚೆ ಮೇಜಿಗೆ ಸರಿದವು, ಅಷ್ಟೇ. ಬಚ್ಚಲ ಹತ್ತಿರ "ನೋಡೋಳು ಬಂದ್ಲು" ಎಂದು ಪಿಸುಮಾತು ಕೇಳಿಸುತ್ತಿತ್ತು. ಟೈಪಿಸ್ಟ್ ಹೆಂಗಸು ಮಾತ್ರ ಅಕ್ಕರೆಯಿಂದ, ಎಲ್ಲರ ಹಾಗೆ ಒಂದು ಚೂರು ಮುಚ್ಚಿದರೆ ನಿನ್ನ ಗಂಟೇನು ಹೋಗುತ್ತೆ ಎಂದು ಕೇಳಿ, ಯಾರಾದರೂ ಕೇಳಿಸಿಕೊಂಡಾರೆಂದು ತನ್ನ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಳಂತೆ.

ಆ ಫೋಟೋದಿಂದಲೇ ಎಲ್ಲರ ಮುಖ ಕತ್ತರಿಸಿ ಗುರುತಿನ ಚೀಟಿ ಮಾಡಿಕೊಟ್ಟರು. ಕಾವಲುಗಾರ ಚೀಟಿಗೂ ಮುಖಕ್ಕೂ ತಾಳೆ ನೋಡಿ ಒಳಗೆ ಬಿಡಬೇಕಾದ್ದರಿಂದ, ಸಿಬ್ಬಂದಿಯವರು ಬಸ್ಸಿನಿಂದ ಇಳಿದ ಕೂಡಲೇ ಕಣ್ಣು ಮುಚ್ಚಿ, ಮುಂದಿನವರ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ಬರತೊಡಗಿದರು. ಅಕ್ಕನ ಚೀಟಿಗೂ ಮುಖಕ್ಕೂ ಚೆನ್ನಾಗಿಯೇ ತಾಳೆಯಾಗುತ್ತಿತ್ತು. ತೊಂದರೆಯೆಂದರೆ ಉಳಿದ ಚೀಟಿಗಳಿಗೆ ತಾಳೆಯಾಗುತ್ತಿರಲಿಲ್ಲ.

"ಅಮ್ಮಾ, ನೀವು ಯಾರು ಅಂತ ನಂಗೆ ಗೊತ್ತಿಲ್ವಾ," ಎಂದ ಕಾವಲುಗಾರ. "ಆದ್ರೆ ಗೊತ್ತಿರೋದು ಬೇರೆ, ಒಳಗೆ ಬಿಡೋದು ಬೇರೆ."

ದಿನಾ ಅವಳನ್ನು ಸಂದರ್ಶಕಿ ಎಂದು ಬರೆದುಕೊಂಡು ಒಳಗೆ ಬಿಟ್ಟ.

ಊರು ಹೊಂದಿಕೊಂಡಿತು. ಕಚೇರಿಗೆ ಅರ್ಜಿ ಹಾಕುವವರೂ ಕಣ್ಣು ಮುಚ್ಚಿದ ಫೋಟೋ ಲಗತ್ತಿಸತಕ್ಕದ್ದು ಎಂದಾಯಿತು. ನಮ್ಮ ಸ್ಟುಡಿಯೋಗೆ ಉಸಿರಾಡಲು ಪುರುಸೊತ್ತಿಲ್ಲ. ಹಸುಗೂಸುಗಳ ಫೋಟೋ ಸಲೀಸು; ಮಲಗಿದಾಗ ಕರೆತಂದರೆ ಮುಗಿಯಿತು. ಮದುಮಕ್ಕಳು ಸಹ ಹಾಗೇ ತೆಗೆಸಿಕೊಂಡರು, ಮುಂದೆ ಯಾವುದಕ್ಕಾದರೂ ಬೇಕಾಗಬಹುದು ಎಂದು. ಸಿಬ್ಬಂದಿಯವರು ಗೋಡೆಗಳನ್ನು ಕೈಯಿಂದ ಸವರಿ ತಪಾಸಣೆ ಮಾಡುತ್ತಿದ್ದರು, ಗೋಡೆ ಸಿಕ್ಕಿದರೆ. ವಾರ್ಷಿಕ ವರದಿಯಲ್ಲಿ, ಊರಿನಲ್ಲಿ ಬಿರುಕುಗಳ ಹಾವಳಿ ಸಂಪೂರ್ಣ ನಿಂತಿದೆ ಎಂದು ಬರೆದು, ಅದಕ್ಕೆ ಕಟ್ಟಡ ಕಂತ್ರಾಟುದಾರರ ಸಂಘದವರಿಂದ ಸನ್ಮಾನವನ್ನೂ ಸ್ವೀಕರಿಸಲಾಯಿತು.

ಅಂಥ ಒಳ್ಳೆಯ ಗಳಿಗೆಯಲ್ಲಿ ಅಕ್ಕ ಕಚೇರಿಯ ಸ್ವಂತ ಮೆಟ್ಟಿಲ ಗೋಡೆಯಲ್ಲೇ ಬಿರುಕು ಕಂಡಳು. ಕಂಡದ್ದಲ್ಲದೆ ಬರೆದೂ ಕೊಟ್ಟಳು. ವಿಚಾರಣೆಗೆ ಸಮಿತಿ ರಚನೆಯಾಯಿತು. ಸಮಿತಿಯವರು ಒಬ್ಬರ ಹೆಗಲು ಒಬ್ಬರು ಹಿಡಿದು ಮೆಟ್ಟಿಲು ಹತ್ತಿ, ಇಳಿದು, ಒಬ್ಬರಿಗೆ ಮಾತ್ರ ಕಾಣುವ ಬಿರುಕನ್ನು ಬಿರುಕೆಂದು ಪರಿಗಣಿಸಲು ನಿಯಮದಲ್ಲಿ ಅವಕಾಶವಿಲ್ಲ ಎಂದು ತೀರ್ಮಾನಿಸಿದರು.

ಆ ಸಂಜೆ ಹೆಡ್ ಗುಮಾಸ್ತರು ತಾವೇ ಮನೆಗೆ ಬಂದರು. ಅತ್ತೆ ಕುರ್ಚಿ ಒರೆಸಿ ಕೊಟ್ಟರು. ಅವರು ಕುರ್ಚಿಯನ್ನು ಸವರಿ ಕೂತರು.

"ತಂಗೀ, ನಿಮ್ಮ ಖಾಯಂ ಆದೇಶ ರೆಡಿ ಇದೆ. ಸಾಹೇಬರ ಸಹಿಯೂ ಆಗಿದೆ. ಒಂದು ಫೋಟೋ ಅಂಟಿಸಬೇಕು, ಅಷ್ಟೇ."

"ಎಂಥ ಫೋಟೋ ಸಾರ್?"

"ಎಲ್ಲರದ್ದೂ ಇದೆಯಲ್ಲ, ಅಂಥದ್ದು."

"ಮತ್ತೆ ಆ ಬಿರುಕು?"

"ಅದು ಇದ್ದಲ್ಲೇ ಇರುತ್ತೆ. ಅದಕ್ಕೇನು ಸಂಸಾರವೇ, ಸಂಬಳ ಬೇಕೇ? ನಿಮಗೆ ಬೇಕು." ಆಮೇಲೆ ಮೆಲ್ಲಗೆ ಹೇಳಿದರು: "ಸೋಮವಾರ ಸಂಜೆಯೊಳಗೆ ಕೊಡದಿದ್ರೆ, ಆ ಜಾಗಕ್ಕೆ ಬೇರೆಯವರ ಫೋಟೋ ಬಂದಿದೆ. ತುಂಬಾ ಚೆನ್ನಾಗಿ ಮುಚ್ಚಿದ್ದಾರೆ."

ಅವರು ಹೋದ ಮೇಲೆ ಅತ್ತೆ ಮೊಮ್ಮಗಳ ಶಾಲೆಯ ಶೂಗೆ ಪಾಲಿಶ್ ಹಾಕುತ್ತಾ ಕೂತರು, ಆಗಲೇ ಹೊಳೆಯುತ್ತಿದ್ದ ಶೂಗೆ.

ಸೋಮವಾರ ಅಕ್ಕ ಸ್ಟುಡಿಯೋಗೆ ಬಂದಳು. ತಲೆ ಬಾಚಿಕೊಂಡು, ಒಳ್ಳೆ ಸೀರೆ ಉಟ್ಟಿದ್ದಳು. ಸ್ಟೂಲಿನ ಮೇಲೆ ಕೂತು, "ಕೊಡೆ ನೆಟ್ಟಗೆ ಹಿಡಿಯೋ," ಎಂದು ನನಗೆ ಹೇಳಿ ಕಣ್ಣು ಮುಚ್ಚಿದಳು. ಫೋಟೋ ಚೆನ್ನಾಗಿ ಬಂತು. ಎಡಗಣ್ಣಿನ ಕೆಳಗೆ ಒಂದು ಹನಿ ಹೊಳೆಯುತ್ತಿತ್ತು. ಕಚೇರಿಯಲ್ಲಿ ಬೇರೆ ಯಾರ ಫೋಟೋದಲ್ಲೂ ಅಂಥದ್ದು ಇಲ್ಲವಾದ್ದರಿಂದ ಸ್ಟುಡಿಯೋದವರು ಅದನ್ನು ಟಚಿಂಗ್ ಮಾಡಿ ತೆಗೆದರು.

ಅಕ್ಕ ಖಾಯಂ ಆದಳು. ಡಬ್ಬಿಗಳು ಅವಳ ಮೇಜಿಗೆ ವಾಪಸು ಬಂದವು. ನಡುಮನೆಯ ಫೋಟೋ ಬದಲಾಯಿತು. ಅತ್ತೆ ಬೀದಿಯವರಿಗೆಲ್ಲ, ನಮ್ಮ ಸೊಸೆ ಈಗ ನಾಲ್ಕು ಜನರ ಹಾಗೆ ಇದ್ದಾಳೆ ಎಂದು ಹೇಳಿಕೊಂಡು ಬಂದರು. ಅಭ್ಯಾಸ ತಪ್ಪಬಾರದೆಂದು ಅಕ್ಕ ಮನೆಯಲ್ಲೂ ಕಣ್ಣು ಮುಚ್ಚಿಯೇ ಓಡಾಡಿದಳು. ಹಾಲು ಉಕ್ಕಿದ್ದನ್ನು ವಾಸನೆಯಿಂದ, ಮಗಳು ಎತ್ತರವಾದದ್ದನ್ನು ಕೈಯಿಂದ ತಿಳಿದುಕೊಂಡಳು.

ಒಂದು ಭಾನುವಾರ ಕಚೇರಿಯ ಮೆಟ್ಟಿಲು ಕುಸಿದು ಬಿತ್ತು. ರಜೆಯಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಶಬ್ದ ಕೇಳಿಬಂದಿರುತ್ತದೆ, ಆದರೆ ಬಿದ್ದುದನ್ನು ಯಾರೂ ಕಂಡಿರುವುದಿಲ್ಲ ಎಂದು ವರದಿಯಾಯಿತು. ಎಂದಿನಂತೆ ಮೆಟ್ಟಿಲು ಹತ್ತತಕ್ಕದ್ದು ಎಂದು ಸುತ್ತೋಲೆ ಬಂತು, ಮತ್ತು ಎಂದಿನಂತೆ ಹತ್ತುವ ಅನುಕೂಲಕ್ಕಾಗಿ ಒಂದು ಬಿದಿರಿನ ಏಣಿ. ಏಣಿ ಹಿಡಿದುಕೊಳ್ಳಲು ಒಬ್ಬ ನೌಕರ ಬೇಕಾಯಿತು. ಹೆಡ್ ಗುಮಾಸ್ತರು ಅಕ್ಕನ ಮುಖ ನೋಡಿ, ಅಂದರೆ ಅವಳ ಧ್ವನಿ ಕೇಳಿ, ಕೆಲಸ ನನಗೇ ಎಂದರು. ಒಂದು ಫೋಟೋ ಕೊಟ್ಟರೆ ಸಾಕಂತೆ.

ಸ್ಟುಡಿಯೋದವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಬೆಳಗಿನಿಂದ ಮಧ್ಯಾಹ್ನದವರೆಗೆ ಹೆಣಗಿದರು. ಒಂದು ಕಣ್ಣು ಮುಚ್ಚಿದರೆ ಇನ್ನೊಂದು ಬಾಗಿಲ ಕಡೆ ಹೋಗುತ್ತಿತ್ತು. ಕಡೆಗೆ ಅವರೇ ಕೊಡೆ ಮಡಚಿದರು.

ಮನೆಗೆ ಬಂದು ಚೀಲ ತೆಗೆದೆ. ಯಾಕೆ, ಎಲ್ಲಿಗೆ ಎಂದು ಅಕ್ಕ ಕೇಳಲಿಲ್ಲ. ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿಕೊಂಡೇ ನನ್ನ ಬಟ್ಟೆ ಮಡಿಸತೊಡಗಿದಳು. ನೀಲಿ ಅಂಗಿ ಕೈಗೆ ಬಂದಾಗ ಅವಳ ಬೆರಳು ಬೆನ್ನ ಹತ್ತಿರ ನಿಂತಿತು. ಅಲ್ಲಿ ಅದು ಗೇಣುದ್ದ ಹರಿದಿತ್ತು. ಬೆರಳು ಆ ಹರಕಿನ ಗುಂಟ ಮೇಲಿನಿಂದ ಕೆಳಗೆ ಹೋಯಿತು, ಮತ್ತೆ ಮೇಲಕ್ಕೆ ಬಂತು.

"ಚೆನ್ನಾಗಿದೆ," ಎಂದಳು ಅಕ್ಕ. "ಎಲ್ಲೂ ಏನೂ ಇಲ್ಲ."

ಮಡಿಸಿ ಕೊಟ್ಟಳು. ನಾನು ಅದನ್ನು ಚೀಲದ ಮೇಲುಗಡೆ ಇಟ್ಟು, ದಾರ ಎಳೆದು ಕಟ್ಟಿದೆ.