ಯಾರೂ ಬಿದ್ದಿಲ್ಲ ಮೇಡಂ

ಧೈರ್ಯ ಇರುವವರ ಕೆಲಸದ ಜಾಗದಲ್ಲಿ ಏನೂ ಆಗುವುದಿಲ್ಲವೋ ಏನೋ. ನನಗಂತೂ ಸೋಮವಾರ ಒಂದು, ಗುರುವಾರ ಒಂದು, ಲೆಕ್ಕ ಹಾಕಿಟ್ಟ ಹಾಗೆ ಏನಾದರೂ ಆಗಿಯೇ ತೀರುತ್ತದೆ.

ಇಲ್ಲಿ ಪರದೇಶದಲ್ಲಿ, ಕೆಂಡಲ್ ಪಾರ್ಕ್ ಅನ್ನುವ ಊರಿನ ಹತ್ತಿರ, ನಮ್ಮ ಕಡೆಯ ವಯಸ್ಸಾದವರು ಹಗಲು ಬಂದು ಕೂತು ಹೋಗುವ ಒಂದು ಡೇ ಸೆಂಟರ್ ಇದೆ. ಅಲ್ಲಿ ನಾನು ಆಕ್ಟಿವಿಟಿ ಅಸಿಸ್ಟೆಂಟ್. ವಾರಕ್ಕೆರಡು ದಿನ ಘಾನಾ ದೇಶದ ರಿಟೈರ್ಡ್ ನರ್ಸ್ ಒಬ್ಬರು ಬಂದು ತಮ್ಮೂರಿನ ಆಟ, ಡೋಲು, ಕುಣಿತ ಕಲಿಸುತ್ತಾರೆ. ನಮ್ಮವರೆಲ್ಲ ಅವರನ್ನು 'ಘಾನಾ ಆಂಟಿ' ಅಂತಾರೆ. ಪ್ರೋಗ್ರಾಂ ಶುರುವಾದ ದಿನವೇ ಡೈರೆಕ್ಟರ್ ಮೇಡಂ ನನ್ನನ್ನು ಕರೆದು ಹೇಳಿದ್ದರು: "ಯಾರೇ ಆಗಲಿ, ಒಬ್ಬರು ಬಿದ್ದರೂ ಇದು ಅವತ್ತೇ ಬಂದ್."

ಅಂದಿನಿಂದ ನನಗೆ ಕನಸಿನಲ್ಲೂ ಯಾರಾದರೂ ಬೀಳುತ್ತಲೇ ಇರುತ್ತಾರೆ.

ಆರು ಗುಳಿ, ಏಳು ಗುಳಿ

ಮೊದಲ ವಾರ ಘಾನಾ ಆಂಟಿ ಎರಡು ಸಾಲು ಗುಳಿ ಇರುವ ಮರದ ಮಣೆ ತಂದರು. ಅದನ್ನು ನೋಡಿದ್ದೇ ಮೈಸೂರಿನ ಆಂಟಿ ವಾಕರ್ ತಳ್ಳಿಕೊಂಡು ಧಾವಿಸಿದರು. ಸೊಂಟದ ಆಪರೇಷನ್ ಆದಮೇಲೆ ಚಳಿಗಾಲವೆಲ್ಲ ಮಗನ ಮನೆಯ ಕಿಟಕಿ ಪಕ್ಕ ಕೂತೇ ಕಳೆದವರು ಅವರು. ಹೊರಗೆ ಬರುವುದು ಈ ಎರಡು ದಿನ ಮಾತ್ರ.

"ಅರೇ, ಇದು ನಮ್ಮ ಅಳಗುಳಿಮಣೆ! ಆದರೆ ಸಾಲಿಗೆ ಏಳು ಗುಳಿ ಇರಬೇಕಲ್ಲ, ಒಂದೊಂದು ಎಲ್ಲಿ ಹೋಯ್ತು?"

ನಾನು ಇಂಗ್ಲಿಷಿಗೆ ತಿರುಗಿಸಿದೆ. ಘಾನಾ ಆಂಟಿ ಕನ್ನಡಕದ ಮೇಲಿಂದ ನೋಡಿ, "ಇರೋದೇ ಆರು. ನಿಮ್ಮವರಿಗೆ ಒಂದು ಜಾಸ್ತಿ ಯಾಕೆ ಬೇಕಾಯ್ತು ಕೇಳು" ಅಂದರು.

ಇಬ್ಬರೂ ಅವರವರ ರೂಲ್ಸಿನಲ್ಲೇ ಆಡಿದರು. ಇಬ್ಬರೂ ಗೆದ್ದರು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿ, "ನೀನೇ ಹೇಳು, ಯಾರು ಗೆದ್ದಿದ್ದು?" ಅಂದರು.

ನಾನು ಬಾತ್‌ರೂಮಿಗೆ ಹೋಗಿ ಹದಿನೈದು ನಿಮಿಷ ಬಾಗಿಲು ಹಾಕಿಕೊಂಡು ಕೂತೆ. ವಾಪಸ್ ಬರುವಷ್ಟರಲ್ಲಿ ಜಗಳ ಮುಗಿದಿತ್ತು. ಈ ಹುಡುಗಿಗೆ ಹೊಟ್ಟೆ ಸರಿಯಿಲ್ಲ ಅನ್ನುವುದರಲ್ಲಿ ಇಬ್ಬರಿಗೂ ಒಮ್ಮತ ಬಂದಿತ್ತು. ಅವತ್ತು ಘಾನಾದ ಶುಂಠಿ ನೀರು ಒಂದು ಲೋಟ, ಮೈಸೂರಿನ ಓಮದ ನೀರು ಒಂದು ಲೋಟ ಕುಡಿದೆ. ಸಾಯಂಕಾಲದ ಹೊತ್ತಿಗೆ ಹೊಟ್ಟೆ ನಿಜವಾಗಿಯೂ ಕೆಟ್ಟಿತ್ತು.

ಡೋಲು ಮತ್ತು ಮೇಷ್ಟ್ರು

ಧಾರವಾಡದ ರಿಟೈರ್ಡ್ ಮೇಷ್ಟ್ರೊಬ್ಬರಿಗೆ ಪೇಸ್‌ಮೇಕರ್ ಇದೆ. ಡೋಲಿನ ಸದ್ದಿಗೆ ಅದೇನಾದರೂ ಗಾಬರಿಯಾಗಿ ನಿಂತರೆ ಅಂತ ನನ್ನ ಎದೆಯೇ ಡೋಲಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಸೆಂಟರಿನ ನರ್ಸ್ ನೂರು ಸಲ "ಏನೂ ಆಗಲ್ಲ" ಅಂದಿದ್ದರು. ನೂರೊಂದನೇ ಸಲ ಕೇಳಲು ನಾಚಿಕೆಯಾಯಿತು.

ಡೋಲು ಏರಿತು. ಮೇಷ್ಟ್ರ ಕಣ್ಣು ಮುಚ್ಚಿತು. ತಲೆ ಎದೆಗೆ ವಾಲಿತು.

ಓಡಿಹೋದೆ. ಬಗ್ಗಿ, ಮೂಗಿನ ಹತ್ತಿರ ಬೆರಳು ಹಿಡಿದೆ. ಒಂದು ಕಣ್ಣು ತೆರೆಯಿತು.

"ಯಾಕವಾ, ಹೋದೆ ಅಂತ ತಿಳದೇನು? ತಾಳ ಎಣಸಾಕತ್ತಿದ್ದೆ. ಈಗ ತಪ್ಪಿಸಿದಿ ನೋಡು!"

ಈಗ ಡೋಲು ಶುರುವಾದರೆ ಐದೈದು ನಿಮಿಷಕ್ಕೊಮ್ಮೆ ಅವರೇ ಕಣ್ಣು ಮುಚ್ಚಿಕೊಂಡು ಕೈ ಎತ್ತಿ ಹಾಜರಿ ಹೇಳುತ್ತಾರೆ: "ಇದ್ದೀನವಾ!"

ಹೊಸ ಸ್ಟೆಪ್ಪು

ಕುಣಿತದ್ದು ಬೇರೆಯೇ ಕಥೆ. ಎಲ್ಲರೂ ವೃತ್ತವಾಗಿ ನಿಲ್ಲಬೇಕು ಅಥವಾ ಕೂರಬೇಕು. ಒಬ್ಬರು ನಡುವೆ ಬಂದು ಎರಡು ಹೆಜ್ಜೆ ಹಾಕಿ ಇನ್ನೊಬ್ಬರನ್ನು ಕೈಮಾಡಿ ಕರೆಯಬೇಕು. ಕರೆದರೆ ಇಲ್ಲ ಅನ್ನುವ ಹಾಗಿಲ್ಲ. ಯಾರ ಕಣ್ಣಿಗೂ ಬೀಳದ ಹಾಗೆ ನಾನು ಕಾಫಿ ಮೆಷಿನ್ ಹಿಂದೆ ನಿಲ್ಲುತ್ತಿದ್ದೆ.

ಕಳೆದ ಗುರುವಾರ ಮೈಸೂರಿನ ಆಂಟಿ ವಾಕರನ್ನು ಕಾಫಿ ಮೆಷಿನ್ ಪಕ್ಕ ಬಿಟ್ಟು, ಘಾನಾ ಆಂಟಿಯ ಕೈ ಹಿಡಿದು, ಪೂರ್ತಿ ಎರಡು ಹೆಜ್ಜೆ ಹಾಕಿದರು. ಹಾಲ್ ತುಂಬ ಚಪ್ಪಾಳೆ. ಆಮೇಲೆ ಅವರ ಕೈ ನೇರ ಕಾಫಿ ಮೆಷಿನ್ ಕಡೆ ಬಂತು.

"ಬಾ ಪುಟ್ಟೀ, ಹೆದರಬೇಡ. ನಾನಿದೀನಿ."

ನಾನು ಹಿಂದೆ ಹಿಂದೆ ಸರಿದೆ. ಅಲ್ಲಿ ಅವರದೇ ವಾಕರ್ ಇತ್ತು. ದಡ್!

ಡೋಲು ನಿಂತಿತು. ನೆಲದ ಮೇಲೆ ಕೂತು ತಲೆ ಎತ್ತಿದರೆ ಬಾಗಿಲಲ್ಲಿ ಡೈರೆಕ್ಟರ್ ಮೇಡಂ.

"ಯಾರು ಬಿದ್ದದ್ದು?"

ಮುಗಿಯಿತು ಅಂದುಕೊಂಡೆ. ಮೈಸೂರಿನ ಆಂಟಿ ಮತ್ತೆ ಆ ಕಿಟಕಿ ಪಕ್ಕದ ಕುರ್ಚಿಗೆ ವಾಪಸ್ ಹೋಗುವುದು ಕಣ್ಣಿಗೇ ಕಟ್ಟಿತು. ನನ್ನಿಂದಾಗಿ.

"ನೋ ಫಾಲ್, ಮೇಡಂ," ಮೈಸೂರಿನ ಆಂಟಿ ಅಂದರು. "ಸ್ಟೆಪ್."

"ವೆರಿ ಡಿಫಿಕಲ್ಟ್ ಸ್ಟೆಪ್," ಮೇಷ್ಟ್ರು ಸೇರಿಸಿದರು.

ಎಲ್ಲರೂ ಘಾನಾ ಆಂಟಿಯನ್ನು ನೋಡಿದರು. ಅವರು ಡೋಲಿನ ಮೇಲೆ ಶಾಂತವಾಗಿ ಒಂದು ಪೆಟ್ಟು ಕೊಟ್ಟು, "ನಮ್ಮಮ್ಮನ ಊರಲ್ಲಿ ಭೂಮಿಗೆ ನಮಸ್ಕಾರ ಮಾಡೋದೇ ಹೀಗೆ" ಅಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಮೇಡಂ ಕಣ್ಣು ಒದ್ದೆಯಾಯಿತು. "ಎಷ್ಟು ಚೆನ್ನಾಗಿದೆ! ಇನ್ನೊಂದು ಸಲ ನೋಡಬಹುದಾ?"

ಡೋಲು ಶುರುವಾಯಿತು. ನಾನು ಎದ್ದೆ. ಮತ್ತೆ ಬಿದ್ದೆ.

"ಮೊದಲನೇದ್ದ ಚಲೋ ಇತ್ತು," ಅಂದರು ಮೇಷ್ಟ್ರು.

ಮೇಡಂ ಆಗಲೇ ಫೋನ್ ತೆಗೆದು ಏನೋ ಬರೆದುಕೊಳ್ಳುತ್ತಿದ್ದರು. "ಸೋಮವಾರ ಫ್ಯಾಮಿಲಿ ಡೇ. ಮಕ್ಕಳು, ಮೊಮ್ಮಕ್ಕಳು ಎಲ್ಲ ಬರ್ತಾರೆ. ಈ ಸ್ಟೆಪ್ ಎಲ್ಲರೂ ಒಟ್ಟಿಗೆ ಮಾಡಲಿ. ನೀನೇ ಕಲಿಸು!"

ಸುತ್ತ ನೋಡಿದೆ. ನಾಲ್ಕು ಹೊಸ ಸೊಂಟ, ಆರು ಹೊಸ ಮಂಡಿ, ಒಂದು ಪೇಸ್‌ಮೇಕರ್. ಎಲ್ಲವೂ ಖುಷಿಯಾಗಿ ತಲೆಯಾಡಿಸುತ್ತಿದ್ದವು. ಮೈಸೂರಿನ ಆಂಟಿ ವಾಕರನ್ನು ಪಕ್ಕಕ್ಕೆ ತಳ್ಳಿ, ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟರು.

"ಎಲ್ಲಿ ಪುಟ್ಟೀ, ಸರಿಯಾಗಿ ತೋರಿಸು. ಮೊದಲು ಊರಬೇಕಾದ್ದು ಕೈಯಾ, ಸೊಂಟಾನಾ?"