ಐದು ವರ್ಷದ ಯೋಜನೆ, ಎರಡು ಭಾಷೆ

ತಮಿಳುನಾಡಿನ ಮಾರಂಡಹಳ್ಳಿ ಕಡೆಯ ಪಂಚಾಯತ್ ಯೂನಿಯನ್ ಆಫೀಸಿನಲ್ಲಿ ನಾನು ಓವರ್‌ಸಿಯರ್. ಫೈಲು ತಮಿಳು, ಊರಿನವರ ಬಾಯಿ ಕನ್ನಡ, ಮಧ್ಯೆ ನಾನು. ಸರ್ಕಾರದ ಐದು ವರ್ಷದ ಅಭಿವೃದ್ಧಿ ಯೋಜನೆಯ ದುಡ್ಡು ಈ ಎರಡನ್ನೂ ದಾಟಿ ಬರುವಷ್ಟರಲ್ಲಿ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ.

೧. ಬೈಗುಳ

ಯೋಜನೆ ಶುರುವಾದ ವರ್ಷ ಒಂದು ಹಳ್ಳಿಯಲ್ಲಿ ಗ್ರಾಮಸಭೆ. ಧರ್ಮಪುರಿಯಿಂದ ಬಂದ ಅಧಿಕಾರಿಗೆ ಕನ್ನಡ ಬಾರದು. ಮೈಕ್ ಹಿಡಿದು, "ಉಂಗಳ್ ಊರುಕ್ಕು ಐಂದು ವರುಷ ತಿಟ್ಟಂ ವಂದಿರುಕ್ಕು" ಎಂದರು. ನಿಮ್ಮೂರಿಗೆ ಐದು ವರ್ಷದ ಯೋಜನೆ ಬಂದಿದೆ ಅಂತ; ತಮಿಳಿನಲ್ಲಿ ತಿಟ್ಟಂ ಅಂದರೆ ಯೋಜನೆ. ಮುಂದೆಯೇ ಕೂತಿದ್ದ ಅಜ್ಜಿಗೆ ಗೊತ್ತಿದ್ದ ತಮಿಳು ಮಾತು ತಿಟ್ಟು, ಅಂದರೆ ಬೈಗುಳ.

"ಐದು ವರ್ಸ ಬಯ್ಯಾಕೆ ಧರ್ಮಪುರಿಯಿಂದ ಬರ್ಬೇಕೇನ್ಲಾ?" ಎಂದು ನನ್ನನ್ನು ಕೇಳಿದಳು. "ನನ್ ಸೊಸೆ ಇಪ್ಪತ್ತು ವರ್ಸದಿಂದ ಬಿಟ್ಟಿಯಾಗೇ ಬಯ್ತಾವ್ಳೆ!"

೨. ಸಾಲೆ

ಆ ಊರಿನ ಶಾಲೆಗೆ ಇದ್ದದ್ದು ಒಂದೇ ಕೋಣೆ. ಎರಡು ಕ್ಲಾಸು ಅಜ್ಜಿಯ ಮನೆ ಜಗಲಿಯಲ್ಲಿ ನಡೆಯುತ್ತಿದ್ದವು; ಮಳೆ ಬಂದರೆ ರಜೆ. ಅದೇ ಸಭೆಯಲ್ಲಿ ಅಧಿಕಾರಿ ಏನು ಬೇಕೆಂದು ಕೇಳಿದಾಗ ಅಜ್ಜಿ ಎದ್ದು, "ನಮ್ಗೆ ಸಾಲೆ ಬೇಕು ಸಾಮಿ, ದೊಡ್ ಸಾಲೆ" ಎಂದಳು. ಅವರು ಕೂಡಲೇ ಬರೆದುಕೊಂಡರು. ನಾನು ಆಗ ಟೀ ಕುಡಿಯಲು ಹೋಗಿದ್ದೆ, ತಪ್ಪು ನನ್ನದೇ. ತಮಿಳಿನಲ್ಲಿ ಸಾಲೈ ಅಂದರೆ ರಸ್ತೆ.

ಮೂರು ವರ್ಷ ಕಳೆದ ಮೇಲೆ ಮಂಜೂರಾತಿ ಬಂತು, ಹಿಂದೆಯೇ ಜಲ್ಲಿ ಲಾರಿಯೂ ಬಂತು. ಸಾಲೆ ಕಟ್ಟಲು ಬಂದಿದೆಯೆಂದು ಅಜ್ಜಿ ಡ್ರೈವರಿಗೆ ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟಳು. ಅವನು ಅರ್ಧ ಕುಡಿಯುವಷ್ಟರಲ್ಲಿ ರೋಡ್ ರೋಲರ್ ಬಂತು. ಅಜ್ಜಿ ಲೋಟ ವಾಪಸ್ ಕಿತ್ತುಕೊಂಡಳು.

೩. ತಪಾಸಣೆ

ರಸ್ತೆ ಮಾತ್ರ ಬಲು ಚೆನ್ನಾಗಿ ಬಂತು, ಮಾಡಿಸಿದ್ದು ನಾನಲ್ಲವೇ! ತಪಾಸಣೆಗೆ ಅದೇ ಅಧಿಕಾರಿಯನ್ನು ಜೀಪಿನಲ್ಲಿ ಕರೆದುಕೊಂಡು ಹೋದರೆ, ರಸ್ತೆಯ ನಟ್ಟನಡುವೆ ಎರಡು ಕ್ಲಾಸಿನ ಮಕ್ಕಳು ಸಾಲಾಗಿ ಕೂತಿದ್ದಾರೆ. ಕಾಮಗಾರಿಯ ಬೋರ್ಡಿಗೆ ಕರಿಹಲಗೆ ಒರಗಿಸಿದೆ. ಟೀಚರಮ್ಮ ಮಗ್ಗಿ ಹೇಳಿಸುತ್ತಿದ್ದಾರೆ. ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ಅಜ್ಜಿ.

ಇದೇನೆಂದು ಅಧಿಕಾರಿ ಕೇಳಿದರು.

"ನಾವ್ ಕೇಳಿದ್ದು ಸಾಲೆ, ನೀವ್ ಕೊಟ್ಟಿದ್ದು ಸಾಲೆ. ಇನ್ನೆಲ್ ಓದ್ಸಾನ ಸಾಮಿ?"

ನಾನು ಎರಡು ಸಾಲೆಗಳ ಕಥೆಯನ್ನು ತಮಿಳಿನಲ್ಲಿ ಬಿಡಿಸಿ ಹೇಳಿದೆ. ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಯೋಜನೆಯ ಕೊನೆಯ ವರ್ಷ, ಇನ್ನೂ ದುಡ್ಡಿದೆ, ಬೇಗ ಅರ್ಜಿ ಕೊಡಿ ಎಂದರು. ಟೀ ಕುಡಿಯಲು ಹೋಗಿದ್ದ ವಿಷಯವನ್ನು ಮಾತ್ರ ನಾನು ತರ್ಜುಮೆ ಮಾಡಲಿಲ್ಲ.

೪. ನಕ್ಷೆ

ಅರ್ಜಿ ಬರೆಯಲು ಕೂತರೆ ಅಜ್ಜಿ ನನ್ನ ಪೆನ್ನಿಗೇ ಕೈ ಹಾಕಿದಳು. "ಮಾತ್ ನಂಬಂಗಿಲ್ಲ ಕಣ್ಲಾ, ಬೊಂಬೆ ಬರ್ದು ಕಳ್ಸು."

ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಚಿತ್ರ ಬರೆದಳು: ಮೂರು ಕೋಣೆ, ಕಿಟಕಿ, ಗಂಟೆ, ಬಾಗಿಲಲ್ಲಿ ಒಂದು ಆಡು. ಅದನ್ನೇ ಅರ್ಜಿಗೆ ಲಗತ್ತಿಸಿದೆ. ನಿಜ ಹೇಳಬೇಕೆಂದರೆ ಆಗ ನನಗೆ ಭಯವಾಗಿತ್ತು. ಈ ಸಲ ತಪ್ಪಿದರೆ ಮಕ್ಕಳಿಗೆ ಮತ್ತೆ ಐದು ವರ್ಷ ಜಗಲಿಯೇ ಗತಿ.

ಎರಡು ವಾರಕ್ಕೆ ಮೇಲಿನ ಆಫೀಸಿನಿಂದ ಕಾಗದ ಬಂತು: "ನಕ್ಷೆಯಲ್ಲಿ ತೋರಿಸಿರುವ ಆಡನ್ನು ಒದಗಿಸಬೇಕಾದವರು ಗುತ್ತಿಗೆದಾರರೋ, ಇಲಾಖೆಯೋ? ಸ್ಪಷ್ಟಪಡಿಸುವುದು."

ನಾನು ಧೈರ್ಯವಾಗಿ ಬರೆದೆ: "ಆಡು ಸಾರ್ವಜನಿಕರ ವಂತಿಗೆ."

ಕಟ್ಟಡ ಮಂಜೂರಾಯಿತು. ಷರತ್ತು ಒಂದೇ: ಕಾಮಗಾರಿ ಮುಗಿದ ಮೇಲೆ ಆಡನ್ನೂ ತಪಾಸಣೆಗೆ ಹಾಜರುಪಡಿಸತಕ್ಕದ್ದು.